ಪಂಪರಾಮಾಯಣದ ಪ್ರತಿನಾಯಕನ ವಿದ್ಯಾಬಲ

ವಿಜ್ಞಾನಾದ್ಭುತಕಥೆಗಳ ಪ್ರತಿನಾಯಕರಲ್ಲಿ ಅನೇಕರು ಬಲಶಾಲಿಗಳಾಗಿಯೇ ಪ್ರವೇಶಿಸುವರು. ಆ ಬಲವು ಯಾವ ಅಭ್ಯಾಸದಿಂದ ಬಂದಿತೆಂಬುದು ತಿಳಿಯದು. ಇಂತಹ ಪಾತ್ರರಚನೆಗೆ ನಾಗಚಂದ್ರನ ರಾವಣನು ಒರೆಗಲ್ಲು. ಜೈನಸಂಪ್ರದಾಯದಂತೆ ಇವನು ರಾಕ್ಷಸವಂಶದ ವಿದ್ಯಾಧರನು. ಇವನ ಶಕ್ತಿಯು ಸಾಧನೆಯ ಫಲವು. ಯುದ್ಧಮಧ್ಯದಲ್ಲಿಯೂ ಶಾಂತಿನಾಥನ ಜಿನಾಲಯದಲ್ಲಿ ಕುಳಿತು, ವಿಘ್ನಗಳಿಗೆ ಅಲುಗದೆ ಬಹುರೂಪಿಣೀವಿದ್ಯೆಯನ್ನು ಸಾಧಿಸುವನು. ಆದರೆ ಸೀತೆಯು ಮೂರ್ಛೆಹೋದುದನ್ನು ಕಂಡು ಆ ಮನಸ್ಸು ಕರಗುವುದು. ರಾಮಲಕ್ಷ್ಮಣರನ್ನು ಗೆದ್ದ ಮೇಲೆಯೇ ಅವಳನ್ನು ಒಪ್ಪಿಸುವೆನೆಂಬ ಅಭಿಮಾನವು ಆ ಪಶ್ಚಾತ್ತಾಪವನ್ನು ನಿಷ್ಫಲಗೊಳಿಸುವುದು. ಕಡೆಗೆ ಈ ಪ್ರತಿವಾಸುದೇವನು ಎಸೆದ ಚಕ್ರವೇ ವಾಸುದೇವನಾದ ಲಕ್ಷ್ಮಣನ ಕೈಸೇರಿ ಅವನನ್ನು ಕೊಲ್ಲುವುದು. ಬಿ. ಎಂ. ಶ್ರೀಕಂಠಯ್ಯನವರು ಇವನಲ್ಲಿ ದುರಂತನಾಯಕನನ್ನು ಕಂಡುದು ಯುಕ್ತವೇ. ಆ ದುರಂತಕ್ಕೆ ಮೂಲವು ಬಲದ ಕೊರತೆಯಲ್ಲ. ಗೆಲ್ಲುವುದನ್ನು ಕಲಿತವನು ಬಿಟ್ಟುಕೊಡುವುದನ್ನು ಕಲಿಯದುದು.