ಗೆಂಡೆತಿಮ್ಮನ ಗಂಟು, ನಮ್ಮ ಪುಸ್ತಕದ ಚೀಲ

ಸಂಕ್ರಾಂತಿಗೆ ಮಿರ್ಲೆಗೆ ಹೋದಾಗ ಅತ್ತಿಗೆಗೆ ಒಂದು ಪುಸ್ತಕ ಕೊಟ್ಟೆ. ಶ್ರೀಕೃಷ್ಣ ಆಲನಹಳ್ಳಿಯವರ ‘ಪರಸಂಗದ ಗೆಂಡೆತಿಮ್ಮ’. ಕೊಡುವಾಗ ನಾವೆಲ್ಲ ಹೇಳುವ ಮಾತನ್ನೇ ಹೇಳಿದೆ: ‘ಓದ್ಲೇಬೇಕು ಅತ್ತಿಗೆ, ಕೂತರೆ ಒಂದೇ ಗುಕ್ಕಿಗೆ ಮುಗಿಯುತ್ತೆ.’ ಅವರು ಅವರೆಕಾಳು ಹಿತಕುತ್ತಿದ್ದರು. ತಲೆ ಎತ್ತದೆ, ‘ಯಾಕ್ ಓದ್ಬೇಕು ಅಂತ ಹೇಳು’ ಅಂದರು.

ಈ ಕಾದಂಬರಿಯ ಮೇಲೆ ನನ್ನ ಪ್ರಬಂಧದಲ್ಲಿ ಅರ್ಧ ಅಧ್ಯಾಯವೇ ಇದೆ. ‘ಗ್ರಾಮೀಣ ಬದುಕಿನ ಮೇಲೆ ಆಧುನಿಕತೆಯ ಆಘಾತ’ ಎಂಬುದು ನಾಲಗೆಯ ತುದಿಗೆ ಬಂತು. ನುಂಗಿಕೊಂಡೆ. ಕಥೆ ಹೇಳಲು ಹೊರಟೆ, ಅರ್ಧಕ್ಕೇ ಅತ್ತಿಗೆ ತಡೆದರು. ‘ಎಲ್ಲಾ ನೀನೇ ಹೇಳ್ಬಿಟ್ರೆ ನಾನೇನು ಓದ್ಲಿ?’

ಮೈಸೂರಿಗೆ ಹಿಂತಿರುಗುವಾಗ ಬಸ್ಸಿನಲ್ಲಿ ಇದೇ ಯೋಚನೆ. ಪುಸ್ತಕಪ್ರೀತಿಯ ಬಗ್ಗೆ ಈಚೆಗೆ ಕನ್ನಡದಲ್ಲಿ ಬರೆಯುವವರಿಗೆ ಕೊರತೆಯಿಲ್ಲ. ಆದರೆ ಆ ಬರಹಗಳಲ್ಲಿ ಸಿಗುವುದು ಎರಡೇ ಬಗೆ. ಒಂದು, ಕಥೆಯ ಸಾರಾಂಶ. ಇನ್ನೊಂದು, ‘ಕಣ್ಣು ತೇವವಾಯಿತು’, ‘ಕಾಡುತ್ತದೆ’, ‘ಎಲ್ಲರೂ ಓದಲೇಬೇಕಾದ ಕೃತಿ’. ಕೃತಿಯ ಹೆಸರು ಬದಲಾಯಿಸಿದರೂ ವಾಕ್ಯಗಳು ಹಾಗೇ ಉಳಿಯುತ್ತವೆ. ನಾನೂ ಇಂಥವನ್ನು ಬೇಕಾದಷ್ಟು ಬರೆದಿದ್ದೇನೆ. ಅದರಲ್ಲಿ ಪ್ರೀತಿ ಇಲ್ಲವೆಂದಲ್ಲ. ಆ ಪ್ರೀತಿಗೆ ಆ ಪುಸ್ತಕದ್ದೇ ಎನ್ನಬಹುದಾದ ಗುರುತು ಇರುವುದಿಲ್ಲ, ಅಷ್ಟೆ. ಎ.ಆರ್. ಕೃಷ್ಣಶಾಸ್ತ್ರಿಗಳು ಬಂಗಾಳಿ ಕಲಿತು, ಓದಿ, ಬಂಕಿಮಚಂದ್ರನ ಮೇಲೆ ಇಡೀ ಪುಸ್ತಕವನ್ನೇ ಬರೆದರು. 1961ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಅಷ್ಟು ದೂರ ನಡೆಯುವುದು ಎಲ್ಲರಿಗೂ ಆಗದು, ನಿಜ. ಆದರೆ ಇಷ್ಟಪಟ್ಟ ಲೇಖಕನಿಗಾಗಿ ಒಬ್ಬ ಓದುಗ ಎಷ್ಟು ಶ್ರಮಪಟ್ಟಾನು ಎಂಬುದಕ್ಕೆ ನಮ್ಮಲ್ಲಿ ಅಳತೆಯೊಂದು ಇದೆಯಲ್ಲ.

ಇನ್ನೂ ಹಿಂದಿನ ಅಳತೆ ಗಳಗನಾಥರದು. ವೆಂಕಟೇಶ ತಿರಕೋ ಕುಲಕರ್ಣಿ (1869–1942) ತಮ್ಮ ಕಾದಂಬರಿಗಳ ಗಂಟನ್ನು ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಈ ಸಂಗತಿಯನ್ನು ಭಾಷಣಗಳಲ್ಲಿ ತ್ಯಾಗದ ಕಥೆಯಾಗಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತೇವೆ. ನನಗೆ ಮುಖ್ಯವೆನಿಸುವುದು ಬೇರೆ. ಹೊತ್ತು ತಂದವನಿಗೆ ಕೊಳ್ಳುವವನ ಮುಖ ಕಾಣುತ್ತದೆ. ‘ಬೇಡ’ ಎಂದರೂ ಕೇಳಿಸುತ್ತದೆ, ‘ಹೋದ ಸಲ ಕೊಟ್ಟದ್ದು ಚೆನ್ನಾಗಿರಲಿಲ್ಲ’ ಎಂದರೂ ಕೇಳಿಸುತ್ತದೆ. ಗಮಕದಲ್ಲೂ ಹಾಗೆಯೇ. ಒಬ್ಬರು ಕುಮಾರವ್ಯಾಸನನ್ನು ವಾಚಿಸುತ್ತಾರೆ, ಇನ್ನೊಬ್ಬರು ಅರ್ಥ ಬಿಡಿಸುತ್ತಾರೆ. ಎದುರಿಗೆ ಕೂತವರು ತೂಕಡಿಸಿದರೆ ಇಬ್ಬರಿಗೂ ಗೊತ್ತಾಗುತ್ತದೆ.

ಗೆಂಡೆತಿಮ್ಮನೂ ಗಂಟು ಹೊತ್ತವನೇ. ಪೇಟೆಯ ಸೋಪು, ಪೌಡರುಗಳನ್ನು ಹಳ್ಳಿಹಳ್ಳಿಗೆ ಒಯ್ದು ಹೆಂಗಸರಿಗೆ ಮಾರುವವನು. ಒಳ್ಳೆಯವನು, ಮಾತುಗಾರ, ಗವ್ವಳ್ಳಿಗೆಲ್ಲ ಬೇಕಾದವನು. ಅವನ ಹೆಂಡತಿ ಮರಂಕಿಗೆ ಆ ಸರಕುಗಳೆಂದರೆ ಆಸೆ. ಗಂಡ ಊರಿಗೆಲ್ಲ ಮಾರಿದ್ದನ್ನೇ ಅವಳು ಬಯಸುತ್ತಾಳೆ. ಅತ್ತೆಗೂ ಅವಳಿಗೂ ಆಗಿಬರುವುದಿಲ್ಲ. ಊರಿನ ಬಾಯಿ ಅವಳ ಮೇಲೆ ಬೀಳುತ್ತದೆ. ಕಥೆ ದುರಂತದತ್ತ ಜಾರುತ್ತದೆ. 1978ರ ಸಿನಿಮಾದಲ್ಲಿ ತಿಮ್ಮನ ಪಾತ್ರ ಮಾಡಿದ ಲೋಕೇಶ್ ಅವರನ್ನು ನೋಡಿದವರಿಗೆ ತಿಮ್ಮನ ಮೇಲಿನ ಕನಿಕರ ಇನ್ನೂ ಗಟ್ಟಿಯಾಗಿರುತ್ತದೆ. ನನಗೂ ಹಾಗೇ ಆಗಿತ್ತು. ನನ್ನ ಅಧ್ಯಾಯದಲ್ಲಿ ತಿಮ್ಮ ಮನುಷ್ಯ, ಮರಂಕಿ ‘ಆಧುನಿಕತೆಯ ರೂಪಕ’.

ಯುಗಾದಿಗೆ ಮತ್ತೆ ಊರಿಗೆ ಹೋದಾಗ ಅತ್ತಿಗೆ ಓದಿ ಮುಗಿಸಿದ್ದರು. ಒಂದೇ ಗುಕ್ಕಿಗಲ್ಲ. ಎರಡು ತಿಂಗಳು, ರಾತ್ರಿ ಪಾತ್ರೆ ತೊಳೆದಾದ ಮೇಲೆ ನಾಲ್ಕು ನಾಲ್ಕು ಪುಟ. ನಾನು ಕೇಳುವ ಮೊದಲೇ ಹೇಳಿದರು: ‘ತಿಮ್ಮ ಪಾಪ ಅಂತೀರಲ್ಲ ಎಲ್ಲಾರೂ. ಸೋಪು ತಂದು ಮಾರಿದೋನು ಅವ್ನು. ಹಚ್ಕೊಂಡೋಳು ಮಾತ್ರ ಕೆಟ್ಟೋಳಾ?’

ಮತ್ತೆ ಓದಿ ನೋಡಿದೆ. ಆಲನಹಳ್ಳಿ ತಿಮ್ಮನ ಒಳಗು ಬಿಚ್ಚುವಾಗ ತೋರುವ ಮೃದುತ್ವ ಮರಂಕಿಯ ಪಾಲಿಗೆ ಅಷ್ಟಾಗಿ ಬರುವುದಿಲ್ಲ. ಅವಳನ್ನು ಬಹುಪಾಲು ಹೊರಗಿನಿಂದಲೇ, ಊರ ಕಣ್ಣಿನಿಂದಲೇ ನೋಡುತ್ತೇವೆ. ಅದು ಕಾದಂಬರಿಯ ಮಿತಿಯೋ, ಊರು ಹೇಗೆ ನೋಡುತ್ತದೆ ಎಂದು ತೋರಿಸುವ ಜಾಣತನವೋ, ಇದನ್ನು ಚರ್ಚಿಸಬಹುದು. ಮಿತಿಯೆಂದೇ ನನ್ನ ಅನಿಸಿಕೆ. ಆದರೂ ಸರಕಿನ ಮೂಲ ಯಾರ ಗಂಟಿನಲ್ಲಿತ್ತು ಎಂಬುದನ್ನು ಕಾದಂಬರಿ ಮುಚ್ಚಿಡುವುದಿಲ್ಲ. ಮುಚ್ಚಿಟ್ಟವರು ನನ್ನಂಥ ಓದುಗರು.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು, ಹೇಳಲು ಸ್ವಲ್ಪ ನಾಚಿಕೆ. ಆ ಎರಡು ತಿಂಗಳಲ್ಲಿ ಮನೆಯಲ್ಲಿ ಮಾತು ಬಂದಿತ್ತಂತೆ. ಹೊತ್ತುಮೀರಿ ಲೈಟು ಉರಿಸಿಕೊಂಡು ‘ಅಂಥಾ ಕಥೆ’ ಓದುವುದೇಕೆ ಎಂದು ದೊಡ್ಡಮ್ಮ ರೇಗಿದ್ದರು. ಪುಸ್ತಕ ಎರಡು ದಿನ ಅಕ್ಕಿಡಬ್ಬದ ಹಿಂದೆ ಅಡಗಿತ್ತು. ನನಗೆ ಯಾರೂ ಏನೂ ಅನ್ನಲಿಲ್ಲ, ‘ಓದೋ ಹುಡುಗ’ ಎಂದು ಎಂದಿನಂತೆ ಮೆಚ್ಚಿಕೊಂಡರು. ಪುಸ್ತಕ ತಂದುಕೊಟ್ಟು ಮೈಸೂರಿನ ಬಸ್ಸು ಹತ್ತಿದವನು ನಾನು. ಮಾತು ಕೇಳಿದವರು ಅತ್ತಿಗೆ. ತಿಮ್ಮನಾದರೂ ಸರಕು ಮಾರಿ ಅದೇ ಮನೆಗೆ ವಾಪಸು ಬರುತ್ತಿದ್ದ.

ಓದಿನ ಪ್ರೀತಿ ಹಂಚುವುದನ್ನು ದೀಪದಿಂದ ದೀಪ ಹಚ್ಚಿದಂತೆ ಎಂದು ವರ್ಣಿಸುವ ರೂಢಿ ನಮ್ಮಲ್ಲಿದೆ. ಆ ದೀಪದ ಕರೆಂಟು ಬಿಲ್ಲು ಯಾರ ಲೆಕ್ಕಕ್ಕೆ ಎಂದು ನಾನು ಕೇಳಿಕೊಂಡಿರಲಿಲ್ಲ. ಹಾಗೆಂದು ಕೊಡಬಾರದಿತ್ತೇ? ಅತ್ತಿಗೆಯನ್ನೇ ಕೇಳಿದೆ. ನಕ್ಕರು. ‘ಕೊಡು. ಆದ್ರೆ ಒಂದೇ ಗುಕ್ಕಿಗೆ ಅಂತ ಮಾತ್ರ ಹೇಳ್ಬೇಡ.’

ಅಧ್ಯಾಯದಲ್ಲಿ ಮರಂಕಿಯ ಭಾಗವನ್ನು ತಿದ್ದಿ ಬರೆದೆ, ಸುಮಾರು ಮೂರು ಪುಟ. ಓದಿದ ಮಾರ್ಗದರ್ಶಕರು ಅಂಚಿನಲ್ಲಿ ‘ಚೆನ್ನಾಗಿದೆ, ಆಧಾರ?’ ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದಾರೆ. ಏನು ಬರೆಯಬೇಕೋ ಇನ್ನೂ ತಿಳಿದಿಲ್ಲ. ಪುಟಸಂಖ್ಯೆ ನೋಡಲು ಪುಸ್ತಕ ಬೇಕಾಗಿ ಅತ್ತಿಗೆಗೆ ಫೋನು ಮಾಡಿದೆ. ಅದು ಈಗ ಪಕ್ಕದ ಬೀದಿಯ ಟೈಲರ್ ಹೆಂಗಸಿನ ಮನೆಯಲ್ಲಿದೆಯಂತೆ, ಅವಳು ಇನ್ನೂ ಅರ್ಧದಲ್ಲಿದ್ದಾಳಂತೆ.