ಪ್ರಸಂಗದ ಕಟ್ಟೂ ಭಾಗವತನ ವಿವೇಚನೆಯೂ

ತಾಳಮದ್ದಳೆಯ ಕೂಟದಲ್ಲಿ ಪ್ರಸಂಗದ ಪದ್ಯವು ಪ್ರಮಾಣವೋ, ಕೂಟವನ್ನು ನಡೆಸುವ ಭಾಗವತನ ವಿವೇಚನೆಯು ಪ್ರಮಾಣವೋ ಎಂಬ ಚರ್ಚೆಯು ರಸಿಕರಲ್ಲಿ ಆಗಾಗ ಏಳುವುದುಂಟು. ಇದನ್ನು ವಿಚಾರಮಾಡುವುದಕ್ಕೆ ಸುಧನ್ವಾರ್ಜುನರ ಕಾಳಗಕ್ಕಿಂತ ಅನುಕೂಲವಾದ ಪ್ರಸಂಗವು ನಮಗೆ ತೋರದು. ಆ ಕಥೆಯನ್ನು ಕನ್ನಡಿಗರ ಮನೆಮಾತಾಗಿಸಿದ ಲಕ್ಷ್ಮೀಶನು ಕಡೂರು ತಾಲ್ಲೂಕಿನ ದೇವನೂರಿನವನೆಂದು ವಿದ್ವಾಂಸರಲ್ಲಿ ಹಲವರ ಮತ. ಸುರಪುರದ ಪರವಾದ ವಾದವೂ ಉಂಟು. ಅದು ಇಲ್ಲಿ ಪ್ರಕೃತವಲ್ಲ.

ಕಥೆಯೇ ಕಟ್ಟಳೆಯನ್ನು ಕುರಿತದ್ದೆಂಬುದನ್ನು ವಾಚಕರು ಗಮನಿಸಬೇಕು. ಯುದ್ಧಕ್ಕೆ ತಡವಾಗಿ ಬಂದವನನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕತಕ್ಕದ್ದೆಂದು ಹಂಸಧ್ವಜನು ಆಜ್ಞೆಮಾಡಿದನು. ತಡೆದು ಬಂದವನು ಅವನ ಮಗನೇ. ಅರಸನ ಮನಸ್ಸು ಅಳುಕಿದರೂ ಪುರೋಹಿತರಾದ ಶಂಖಲಿಖಿತರು ಆಜ್ಞೆಯು ಆಜ್ಞೆಯೇ ಎಂದರು. ಎಣ್ಣೆಯಿಂದ ಬದುಕಿ ಬಂದ ಸುಧನ್ವನು ಮುಂದೆ ಅರ್ಜುನನಿಗೆ ಇದಿರಾದಾಗ, ಮೂರು ಬಾಣಗಳಲ್ಲಿ ತಲೆಯನ್ನು ಕೆಡಹುವೆನೆಂದು ಇವನ ಪ್ರತಿಜ್ಞೆ. ಮೂರನ್ನೂ ಕಡಿಯುವೆನೆಂದು ಅವನ ಪ್ರತಿಜ್ಞೆ. ಕೃಷ್ಣನು ಅರ್ಜುನನ ಬಾಣಗಳಿಗೆ ತನ್ನ ಪುಣ್ಯವನ್ನೇ ಧಾರೆಯೆರೆಯುವನು. ಮೂರನೆಯ ಬಾಣವೂ ತುಂಡಾಗುತ್ತದೆ; ಆದರೆ ತುಂಡಾದ ಬಾಣದ ಮುಂಭಾಗವೇ ಹೋಗಿ ತಲೆಯನ್ನು ಕೆಡಹುತ್ತದೆ. ಎರಡು ಪ್ರತಿಜ್ಞೆಗಳೂ ಅಕ್ಷರಶಃ ಉಳಿದುವು. ನಿಯಮವನ್ನು ಮುರಿಯದೆ ಫಲವನ್ನು ತಾನೇ ನಿರ್ಣಯಿಸಿದ ಸೂತ್ರಧಾರನ ಜಾಣ್ಮೆ ಇದು.

ಕೂಟದಲ್ಲಿ ಆ ಸೂತ್ರವು ಭಾಗವತನ ಕೈಯಲ್ಲಿರುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಇದಿರುಬದಿರಾಗಿ ಕುಳಿತು, ಹಾಡಿದ ಪದ್ಯಕ್ಕೆ ಅರ್ಥ ಹೇಳಿ, ಬಳಿಕ ಆಶುವಾಗಿ ವಾದಿಸುವರು. ಕಥೆಯ ಕೊನೆಯು ಕವಿಯದು. ನಡುವಣ ಮಾತು ಅರ್ಥಧಾರಿಯದು. ಯಾವ ಪದ್ಯವನ್ನು ಎತ್ತಬೇಕು, ಯಾವುದನ್ನು ಬಿಡಬೇಕು, ಯಾವಾಗ ಮುಂದಿನ ಪದ್ಯಕ್ಕೆ ಹೋಗಬೇಕು ಎಂಬುದು ಭಾಗವತನದು. ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮–೨೦೦೬) ವಾಲಿಯಾಗಿ ರಾಮನನ್ನು ಪ್ರಶ್ನಿಸುತ್ತಿದ್ದ ಬಗೆಯನ್ನು ಕೇಳಿದವರು ಇಂದಿಗೂ ನೆನೆಯುವರು. ವಾದದಲ್ಲಿ ವಾಲಿಯ ಕೈ ಮೇಲಾದರೂ ವಾಲಿಯು ಸಾಯಲೇಬೇಕು.

ಕಡೂರು, ತರೀಕೆರೆ, ಈಚೆಗೆ ತರೀಕೆರೆಯಿಂದ ಬೇರ್ಪಟ್ಟು ತಾಲ್ಲೂಕಾದ ಅಜ್ಜಂಪುರ ಇವು ಮಲೆನಾಡೂ ಬಯಲುಸೀಮೆಯೂ ಕೂಡುವ ನೆಲ. ಆದಕಾರಣ ಈ ಕಡೆಯವರಿಗೆ ಬಯಲುಸೀಮೆಯ ಮೂಡಲಪಾಯದೊಡನೆ ಇದನ್ನು ಹೋಲಿಸಿ ನೋಡುವುದು ಸುಲಭ. ಮೂಡಲಪಾಯದಲ್ಲಿ ಪದ್ಯದಂತೆ ಮಾತೂ ಬರೆದಿಟ್ಟದ್ದು. ಪಾತ್ರಧಾರಿಯು ಅದನ್ನು ಕಂಠಪಾಠಮಾಡಿ ಒಪ್ಪಿಸುವನು. ಅಲ್ಲಿ ವಿವಾದಕ್ಕೆ ಎಡೆಯಿಲ್ಲವೆಂದು ಕೆಲವರು ಆ ಪದ್ಧತಿಯನ್ನೇ ಮೆಚ್ಚುವುದುಂಟು. ಆದರೆ ಬರೆದ ಮಾತಿನಲ್ಲಿ ಸುಧನ್ವನು ಹೊಸ ಪ್ರಶ್ನೆಯೊಂದನ್ನೂ ಕೇಳಲಾರನು. ಈ ನಷ್ಟವನ್ನು ಮೆಚ್ಚುವವರು ಲೆಕ್ಕಕ್ಕೆ ತಂದಂತೆ ಕಾಣದು.

ಇದೇ ವಿವಾದವು ಹೊರದೇಶಗಳಲ್ಲಿಯೂ ನಡೆದಿದೆ. ಪ್ರಷ್ಯದ ಸೈನ್ಯದಲ್ಲಿ ೧೮೨೪ರಲ್ಲಿ ರೈಸ್‌ವಿಟ್ಸ್ ಎಂಬ ಅಧಿಕಾರಿಯು ನಕ್ಷೆಯ ಮೇಲೆ ಆಡುವ ಯುದ್ಧದಾಟಕ್ಕೆ ದಾಳಗಳನ್ನೂ ಕೋಷ್ಟಕಗಳನ್ನೂ ಸವಿಸ್ತಾರವಾಗಿ ಗೊತ್ತುಮಾಡಿದನು. ನಿಯಮಗಳ ಭಾರಕ್ಕೆ ಆಟವು ಕುಂಟುವುದನ್ನು ಕಂಡು, ೧೮೭೬ರಲ್ಲಿ ವೆರ್ಡಿ ಎಂಬ ಸೇನಾನಿಯು ಅವನ್ನು ಬದಿಗಿಟ್ಟು ಅನುಭವಿಯಾದ ಮಧ್ಯಸ್ಥನ ತೀರ್ಪೇ ಸಾಕೆಂದನು. ೧೯೭೪ರಲ್ಲಿ ಅಮೆರಿಕದ ಗೈಗ್ಯಾಕ್ಸ್, ಆರ್ನೆಸನ್ ಎಂಬಿಬ್ಬರು ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಪಾತ್ರಾಭಿನಯದ ಮೇಜಿನಾಟದಲ್ಲಿಯೂ ಹಾಗೆಯೇ: ಆಟಗಾರರು ಒಂದೊಂದು ಪಾತ್ರವನ್ನು ವಹಿಸಿ ಮಾತಿನಿಂದಲೇ ಕಥೆಯನ್ನು ನಡೆಸುವರು, ಒಬ್ಬನು ತೀರ್ಪುಗಾರನಾಗಿ ಕುಳಿತಿರುವನು. ಪುಸ್ತಕದ ನಿಯಮವು ದೊಡ್ಡದೋ, ಆ ಒಬ್ಬನ ವಿವೇಚನೆಯು ದೊಡ್ಡದೋ ಎಂಬ ಜಗಳವು ಅವರಲ್ಲಿ ಇನ್ನೂ ತೀರಿಲ್ಲ. ಒಂದು ಭೇದವನ್ನು ಮಾತ್ರ ಮರೆಯಬಾರದು. ಅವರ ಆಟದಲ್ಲಿ ಕೊನೆಯು ಯಾರಿಗೂ ತಿಳಿದಿರದು; ನಮ್ಮ ಕೂಟದಲ್ಲಿ ಎಲ್ಲರಿಗೂ ತಿಳಿದದ್ದೇ. ಆದಕಾರಣ ನಮ್ಮ ಭಾಗವತನು ಫಲವನ್ನು ತಿದ್ದುವ ಆಸೆಗೆ ಬೀಳುವಂತಿಲ್ಲ. ಆತನು ತಪ್ಪುವುದಾದರೆ ವೇಳೆಯ ವಿಷಯದಲ್ಲಿ ತಪ್ಪುವನು.

ಈ ಲೇಖಕನು ಮಲೆನಾಡಿನ ಕೂಟವೊಂದರಲ್ಲಿ ಕಂಡುದನ್ನು ಹೇಳುವುದು ಅನುಚಿತವಾಗದು. ಸುಧನ್ವನ ಅರ್ಥ ಹೇಳುತ್ತಿದ್ದವರು, ‘ಪುಣ್ಯವು ಕೃಷ್ಣನದಾದ ಮೇಲೆ ಬಾಣವು ನಿನ್ನದು ಹೇಗೆ? ಪರರ ಪುಣ್ಯದಿಂದ ತೀರಿದ ಪ್ರತಿಜ್ಞೆಯು ನಿನ್ನ ಪ್ರತಿಜ್ಞೆಯೆ?’ ಎಂದು ಕೇಳಿದರು. ಅರ್ಜುನನು ಹೊಸಬ, ತಡವರಿಸಿದನು. ಭಾಗವತರು ಒಡನೆಯೇ ತಾಳವನ್ನೆತ್ತಿ ಮುಂದಿನ ಪದ್ಯವನ್ನು ಹಾಡಿಬಿಟ್ಟರು. ಸಭೆಗೆ ಸಮಾಧಾನವಾಯಿತು, ಹುಡುಗನ ಮಾನವೂ ಉಳಿಯಿತು. ಪದ್ಯವನ್ನು ಯಥಾಕ್ರಮವಾಗಿ ಹಾಡಿದುದರಿಂದ ನಿಯಮಕ್ಕೂ ಭಂಗವಿಲ್ಲ.

ಆದರೂ ಅದು ಸರಿಯಾಗಲಿಲ್ಲವೆಂದೇ ನಮ್ಮ ಅಭಿಪ್ರಾಯ. ಮಾತು ಬೆಳೆದು ಕೂಟವು ಸೊರಗಿದಾಗ ಭಾಗವತನು ಕಡಿವಾಣ ಹಾಕಬೇಕು. ಕಾಲಮಿತಿಯ ಕೂಟಗಳಲ್ಲಂತೂ ಅದು ಅನಿವಾರ್ಯ. ಅಂದು ಹಾಗಿರಲಿಲ್ಲ. ಪ್ರಶ್ನೆಯು ಕಥೆಯ ಮರ್ಮವನ್ನೇ ಮುಟ್ಟಿತ್ತು. ಒಬ್ಬನನ್ನು ಮುಜುಗರದಿಂದ ಪಾರುಮಾಡಲು ಇನ್ನೊಬ್ಬನ ನ್ಯಾಯವಾದ ಮಾತನ್ನು ಪದ್ಯದ ಮರೆಯಲ್ಲಿ ಅಡಗಿಸಿದಂತಾಯಿತು. ವಿವೇಚನೆಯು ತನ್ನನ್ನು ನಿಯಮವೆಂದು ತೋರಿಸಿಕೊಂಡರೆ ಅದನ್ನು ಯಾರೂ ಪ್ರಶ್ನಿಸಲಾರರು, ದೋಷವು ಇಲ್ಲಿದೆ. ಮದ್ದಳೆಗೆ ನಾಲ್ಕು ಆವರ್ತ ಬಿಟ್ಟು ಹುಡುಗನಿಗೆ ಉಸಿರು ಕೊಡಬಹುದಾಗಿತ್ತು. ಇಲ್ಲವೆ ಪಕ್ಕದಲ್ಲಿಯೇ ಕುಳಿತಿದ್ದ ಕೃಷ್ಣನಿಗೆ ಕಣ್ಸನ್ನೆ ಮಾಡಬಹುದಾಗಿತ್ತು, ಪ್ರಶ್ನೆಯು ಅವನ ಪುಣ್ಯವನ್ನು ಕುರಿತದ್ದೇ ಅಲ್ಲವೆ! ಕೂಟವು ಮುಗಿದ ಮೇಲೆ ಕೃಷ್ಣನ ಅರ್ಥ ಹೇಳಿದ ಹಿರಿಯರನ್ನು ವಿಚಾರಿಸಲಾಗಿ, ತಮ್ಮಲ್ಲಿ ಉತ್ತರವು ಸಿದ್ಧವಾಗಿಯೇ ಇದ್ದಿತೆಂದೂ, ಪದ್ಯವು ಏರಿದುದರಿಂದ ಸುಮ್ಮನಾದೆವೆಂದೂ ತಿಳಿಸಿದರು.