ಲ್ಯಾಂಬ್ಟನ್ನನ ಸರಪಳಿ: ಪೂರ್ವಸ್ವಾಮ್ಯದ ವಿಮರ್ಶೆ

ಹಳೆಯ ಸೈನಿಕ ದಿಕ್ಸೂಚಿಯಾಗಲಿ, ಮೋಜಣಿಯ ಉಪಕರಣವಾಗಲಿ, ಅದರ ಮೇಲೆ ಕೆತ್ತಿದ ಹೆಸರಿನಿಂದಲೇ ಒಡೆತನವನ್ನು ನಿರ್ಣಯಿಸುವ ಕ್ರಮವನ್ನು ನಾವು ಒಪ್ಪಲಾರೆವು. 1800ರಲ್ಲಿ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಹೊರಬಯಲಿನಲ್ಲಿ ಆಧಾರರೇಖೆಯನ್ನು ಅಳೆದ 100 ಅಡಿಯ ಉಕ್ಕಿನ ಸರಪಳಿಯೇ ಇದಕ್ಕೆ ನಿದರ್ಶನ. ಅದನ್ನು ತಯಾರಿಸಿದವನು ಲಂಡನ್ನಿನ ರಾಮ್ಸ್‌ಡೆನ್. 1793ರಲ್ಲಿ ಚೀನಾ ಚಕ್ರವರ್ತಿಯ ಬಳಿಗೆ ಬಂದ ಮೆಕಾರ್ಟ್ನಿಯ ರಾಯಭಾರದ ಕಾಣಿಕೆಗಳಲ್ಲಿ ಅದೂ ಒಂದು. ಅಲ್ಲಿ ಆದರ ದೊರೆಯದೆ, ರಾಯಭಾರದ ಖಗೋಳಜ್ಞ ಡಿನ್‌ವಿಡ್ಡಿಯ ಕೈಸೇರಿ ಕಲ್ಕತ್ತೆಗೆ ಬಂದಿತು. ಅಲ್ಲಿಂದ ಲ್ಯಾಂಬ್ಟನ್ನನ ಮೋಜಣಿಗೆ ಒದಗಿತು. ತಯಾರಕನ ಹೆಸರೊಂದನ್ನೇ ನೆಚ್ಚಿದ್ದರೆ ಈ ಚೀನಾಯಾನ ನಮಗೆ ಗೋಚರಿಸುತ್ತಿರಲಿಲ್ಲ. ಕಾಣಿಕೆಗೆ ಉದ್ದಿಷ್ಟನಾದವನು ಒಡೆಯನಲ್ಲ, ಬಳಸಿದವನೂ ಒಡೆಯನಾಗಿರಲೇಬೇಕೆಂದಿಲ್ಲ. ಆದುದರಿಂದ ಕೆತ್ತನೆಗಿಂತ ಕಾಗದಪತ್ರ, ಲೆಕ್ಕ, ವರದಿಗಳೇ ಪ್ರಮಾಣ. ಅವು ಮೌನವಾದೆಡೆ ಪ್ರಸಿದ್ಧರ ಹೆಸರನ್ನು ಜೋಡಿಸುವುದು ಸಂಶೋಧನೆಯಲ್ಲ.